ಹತ್ತಕ್ಕೆ ಎಷ್ಟು ನೋವು?

ಮೂಳೆ ಮುರಿದುಕೊಂಡವರನ್ನು ಹುಡುಕಿಕೊಂಡು ಹೋಗಿ, ಆಪರೇಷನ್ ಆದಮೇಲೆ ಹತ್ತಕ್ಕೆ ಎಷ್ಟು ನೋವಿದೆ ಎಂದು ಕೇಳುವುದು ನನ್ನ ಹೊಟ್ಟೆಪಾಡು. ಇದರಲ್ಲಿ ನಗುವಂಥದ್ದೇನಿದೆ ಎಂದು ದಿನಾ ಬೆಳಿಗ್ಗೆ ಬೇಸರದಲ್ಲೇ ಮನೆ ಬಿಡುತ್ತೇನೆ. ಸಂಜೆಯೊಳಗೆ ಏನಾದರೊಂದು ನಡೆದೇ ಇರುತ್ತದೆ.

ಎಕ್ಸ್‌ರೇ ಮೂಳೆಯ ಸುದ್ದಿ ಹೇಳುತ್ತದೆಯೇ ಹೊರತು ಮನುಷ್ಯನದ್ದಲ್ಲ, ಅದನ್ನು ರೋಗಿಯ ಬಾಯಿಂದಲೇ ಕೇಳಬೇಕು ಎನ್ನುವುದು ನಮ್ಮ ಸಂಶೋಧನೆಯ ಮೂಲಮಂತ್ರ. ಮಂತ್ರ ಒಳ್ಳೆಯದೇ. ಆದರೆ ರೋಗಿ ಹೇಳಿದ ಅಂಕಿಯನ್ನು ಡಾಕ್ಟರೂ ನೋಡುತ್ತಾರೆ. ಅಂಕಿ ಹೆಚ್ಚು ಕಮ್ಮಿ ಆದರೆ ವಾಸಿಯಾದ ಕಾಲನ್ನು ಮತ್ತೆ ಕೊಯ್ಯುವ ಪ್ರಸಂಗ ಬರುತ್ತದೆ. ಸಂಭಾಜಿನಗರದ ಚಿಕಲಠಾಣಾದಲ್ಲಿ ಒಬ್ಬ ಆಯಿಗೆ, ಅಂದರೆ ವಯಸ್ಸಾದ ತಾಯಿಗೆ, ಹಾಗೇ ಬಂದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲೇ ಹೇಳಿದರೆ ಮಿಕ್ಕವು ಸಪ್ಪೆಯಾಗುತ್ತವೆ.

ಜಿಪುಣ ಮಾಸ್ತರರು

ಆಗ ನಮ್ಮ ಯಜಮಾನರಿಗೆ ನಾಸಿಕ್‌ನ ಬ್ಯಾಂಕಿನಲ್ಲಿ ಪೋಸ್ಟಿಂಗ್. ಅಲ್ಲಿ ನನ್ನ ಮೊದಲ ರೋಗಿ ನಿವೃತ್ತ ಶಾಲಾ ಮಾಸ್ತರರು. ತೊಡೆಯ ಮೂಳೆ ಎರಡು ತುಂಡು. ಮಗ್ಗುಲು ಬದಲಿಸಿದರೆ ಕಣ್ಣಲ್ಲಿ ನೀರು. ಹತ್ತಕ್ಕೆ ಎಷ್ಟು ಎಂದೆ. ಬಹಳ ಹೊತ್ತು ಯೋಚಿಸಿ ನಾಲ್ಕು ಎಂದರು.

ಇನ್ನೂ ಜಾಸ್ತಿ ಇರಬೇಕಲ್ಲ ಸರ್ ಎಂದೆ. ಪಕ್ಕದಲ್ಲಿದ್ದ ಹೆಂಡತಿ ರಾತ್ರಿಯಿಡೀ ನರಳಾಟ, ಒಂಬತ್ತು ಬರೆಯಿರಿ ಎಂದರು. ಮಾಸ್ತರರಿಗೆ ಸಿಟ್ಟು ಬಂತು. ಸರ್ವೀಸಿನಲ್ಲಿ ಯಾರಿಗೂ ಅಷ್ಟು ಮಾರ್ಕು ಕೊಟ್ಟವರಲ್ಲವಂತೆ, ಈ ಕಾಲಿಗೆ ಕೊಡುತ್ತಾರೆಯೇ? ಕೊನೆಗೆ ಹೆಂಡತಿಯ ಮುಖ ನೋಡಿ, ಬೇಕಾದರೆ ಗ್ರೇಸ್ ಮಾರ್ಕು ಒಂದು ಹಾಕಿಕೊಳ್ಳಿ ಎಂದರು.

ಎರಡೂ ಕೈ

ನಾಸಿಕ್ ರೋಡ್ ಸ್ಟೇಷನ್ ಹತ್ತಿರ ನಮ್ಮ ಕಲಬುರಗಿ ಕಡೆಯ ವ್ಯಾಪಾರಿಯೊಬ್ಬರು. ಬಲಗೈ ಮಣಿಕಟ್ಟು ಮುರಿದಿತ್ತು. ಕೈ ಮುರಿದವರಿಗೆ ಕೇಳುವ ಪ್ರಶ್ನೆಗಳೇ ಬೇರೆ. ಹಿಟ್ಟು ನಾದಲು ಬರುತ್ತದೆಯೇ? ಇಲ್ಲ. ಪಾತ್ರೆ ತಿಕ್ಕಲು? ಇಲ್ಲ. ಹಾಸಿಗೆ ಮಡಚಲು? ಇಲ್ಲವೇ ಇಲ್ಲ. ಪಾಪ, ಇಷ್ಟು ಕೆಟ್ಟ ಕೈ ನಾನು ನೋಡಿರಲಿಲ್ಲ. ಬೀಳುವುದಕ್ಕೆ ಮುಂಚೆ ಇದನ್ನೆಲ್ಲ ಮಾಡುತ್ತಿದ್ದಿರಾ ಎಂದು ಕೇಳುವುದೂ ನಿಯಮ, ಕೇಳಿದೆ. ಅವರು ಗೋಡೆ ನೋಡಿದರು.

ಒಳಗಿನಿಂದ ಅವರ ಮನೆಯವರು ಹೇಳಿದರು: “ಮದುವಿ ಆದಾಗಿಂದ ಎರಡೂ ಕೈ ಮುರದೇ ಅವ ನೋಡ್ರಿ. ಹಂಗೇ ಬರಕೊಳ್ರಿ.”

ಚೌಕಾಸಿ

ಸಂಭಾಜಿನಗರಕ್ಕೆ ವರ್ಗವಾದ ಮೇಲೆ ಪೈಠಣದ ನೇಕಾರನೊಬ್ಬನಿಗೆ ಆಗಾಗ ಫೋನ್ ಮಾಡುತ್ತಿದ್ದೆ. ಹಿಮ್ಮಡಿ ಮುರಿದಿತ್ತು. ಯಾವಾಗ ಕೇಳಿದರೂ ಐದು. ಅನುಮಾನ ಬಂದು ಒಂದು ದಿನ ನೇರವಾಗಿ ಮನೆಗೇ ಹೋದೆ. ಮಗ್ಗದಿಂದ ಟಣ್ಣನೆ ಹಾರಿ ನನಗೆ ಕುರ್ಚಿ ತಂದವನು ಅವನೇ.

ಸಿಕ್ಕಿಬಿದ್ದವನು ತಲೆ ತಗ್ಗಿಸಿದ. ಮನೆ ತುಂಬ ಜನ, ಸೀರೆ ಎಲ್ಲಿಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ, ಕಾಲು ಹೇಗಿದೆ ಎಂದು ಕೇಳುವವರು ನೀವೊಬ್ಬರೇ, ಆರಾಮ ಅಂದರೆ ಫೋನ್ ನಿಲ್ಲಿಸಿಬಿಡುತ್ತೀರಿ ಎಂದ. ಆದರೂ ಸೊನ್ನೆ ಹಾಕಲೇಬೇಕಪ್ಪ ಎಂದೆ. ಬಹಳ ಚೌಕಾಸಿ ಮಾಡಿ ಎರಡಕ್ಕೆ ಇಳಿದ.

ಆಯಿಯ ಹತ್ತು

ಈಗ ಆ ಆಯಿ. ಕಲಬುರಗಿ ಜಿಲ್ಲೆಯ ಹಳ್ಳಿಯವರು. ಮಗ ಚಿಕಲಠಾಣಾದ ಕಂಪನಿಯಲ್ಲಿ ಕೆಲಸಕ್ಕಿದ್ದ. ಅವನನ್ನು ನೋಡಲು ಗಂಡ ಹೆಂಡತಿ ಬಂದಾಗ ಆಟೋ ಪಲ್ಟಿಯಾಯಿತು. ಗಂಡ ಅಲ್ಲೇ ತೀರಿಹೋದರು. ಆಯಿಯ ಮೊಣಕಾಲ ಕೆಳಗೆ ಮುರಿಯಿತು, ಮೂಳೆಯೊಳಗೆ ಸ್ಟೀಲಿನ ಸಳಿ ಹಾಕಿದರು.

ಮೂಳೆ ಚೆನ್ನಾಗಿ ಕೂಡಿತು. ಆದರೆ ನನ್ನ ಜೊತೆ ಕೆಲಸ ಮಾಡುವ ಮರಾಠಿ ಹುಡುಗಿ ಕೇಳಿದಾಗಲೆಲ್ಲ ಆಯಿ ಹತ್ತು ಎನ್ನುತ್ತಿದ್ದರು. ಮಗನ ಮುಂದೆ ಮಾತ್ರ ಕಾಲು ಆರಾಮ ಅದ ಎನ್ನುತ್ತಿದ್ದರು. ಮಗನಿಗೆ ಹೊರೆಯಾಗಬಾರದೆಂದು ಮುಚ್ಚಿಡುತ್ತಾರೆ, ಹುಡುಗಿಯ ಮುಂದೆ ನಿಜ ಹೇಳುತ್ತಾರೆ ಎಂದು ನಾವೆಲ್ಲ ತಿಳಿದೆವು. ಸಳಿಯೇ ಚುಚ್ಚುತ್ತಿರಬೇಕು, ತೆಗೆದುಬಿಡೋಣ ಎಂದು ಡಾಕ್ಟರು ತೀರ್ಮಾನಿಸಿದರು. ಆಯಿಗೆ ಸಕ್ಕರೆ ಕಾಯಿಲೆ, ಹೃದಯವೂ ದುರ್ಬಲ. ಮತ್ತೆ ಅರಿವಳಿಕೆ ಕೊಟ್ಟರೆ ಏಳುತ್ತಾರೋ ಇಲ್ಲವೋ ಎಂದು ಮಗ ಹೆದರಿ ಸಣ್ಣಗಾಗಿದ್ದ. ಆಯಿ ಮಾತ್ರ ತಟ್ಟನೆ ಹೂಂ ಅಂದಿದ್ದರು.

ಆಪರೇಷನ್ನಿನ ಹಿಂದಿನ ದಿನ ಹುಡುಗಿ ರಜೆ. ಕೇಳಲು ನಾನು ಹೋದೆ. ನಮ್ಮ ಕಡೆಯವರೆಂದು ಗೊತ್ತಾಗಿ, ನಮ್ಮ ಕಡೆಯ ಮಾತಿನಲ್ಲೇ, ಆಯಿ, ಕಾಲು ಬ್ಯಾನಿ ಹತ್ತಕ್ಕ ಎಷ್ಟದರಿ ಎಂದೆ.

“ಕಾಲಿಗೇನಾಗ್ಯದ ಯವ್ವಾ? ಏನೂ ಇಲ್ಲ.”

ಹಾಗಾದರೆ ಇಷ್ಟು ದಿನ ಹತ್ತು ಹೇಳಿದ್ದು?

“ಆ ಹುಡುಗಿ ದುಃಖ ಎಷ್ಟದ ಅಂತ ಕೇಳ್ತಾಳ. ಸುಳ್ಳು ಹ್ಯಾಂಗ ಹೇಳಲಿ? ಹತ್ತರ ಮ್ಯಾಲ ಅಂಕಿ ಇಲ್ಲಂತಲ್ಲ ಆಕಿ ಬಲ್ಲಿ.”

ಆಗ ತಿಳಿಯಿತು. ನಾವು ಬ್ಯಾನಿ ಎನ್ನುವ ಮೈಕೈ ನೋವಿಗೆ ಮರಾಠಿಯಲ್ಲಿ ‘ದುಖಣೆ’ ಎನ್ನುತ್ತಾರೆ. ‘ಕಿತಿ ದುಖತಂಯ’, ಎಷ್ಟು ನೋಯುತ್ತಿದೆ, ಎಂದು ಹುಡುಗಿ ಕಾಲಿನ ಬಗ್ಗೆ ಕೇಳುತ್ತಿದ್ದಳು, ಆಯಿ ಗಂಡನನ್ನು ನೆನೆದು ಉತ್ತರ ಕೊಡುತ್ತಿದ್ದರು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆಪರೇಷನ್ ರದ್ದು ಮಾಡಿದರು. ಮಗ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತು ಅತ್ತ.

ಸಂತೋಷದ ಸುದ್ದಿ ತಾನೇ ಎಂದು ನಾನು ಆಯಿಗೆ ಹೇಳಲು ಹೋದೆ. ಅವರ ಮುಖ ಬಾಡಿತು. ಯಾಕೆ ಆಯಿ, ಕೊಯ್ಯುವುದು ತಪ್ಪಿತಲ್ಲ ಎಂದೆ.

“ಸಳಿ ತೆಗದ್ರ ದುಃಖ ಹೋಗ್ತದ ಅಂದಿದ್ರು ಡಾಕ್ಟರ್,” ಎಂದರು. “ದೊಡ್ಡ ಶಹರ, ಏನರ ಹೊಸಾದು ಕಂಡು ಹಿಡದಿರಬೇಕು ಅಂತ ಹೂಂ ಅಂದಿದ್ದೆ.”