ನರಸೀಪುರದಲ್ಲಿ ಎಲ್ಲಾ ಜ್ವರವೇ

ಊರಿನಲ್ಲಿ ಯಾರಾದರೂ ಸತ್ತರೆ ಉಳಿದವರಿಗೆಲ್ಲ ದುಃಖವಾಗುತ್ತಿತ್ತು. ನಮ್ಮ ಸೋದರಮಾವನಿಗೆ ಮೊದಲು ಭಾಗಾಕಾರವಾಗುತ್ತಿತ್ತು. ದುಃಖ ಆಮೇಲೆ, ಶೇಷವೇನಾದರೂ ಉಳಿದರೆ!

ಮಾವ ನಂಜನಗೂಡಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹಳ್ಳಿಹಳ್ಳಿಯ ಪಟೇಲರು ಕಳಿಸುವ ಸಾವಿನ ಸುದ್ದಿಯನ್ನೆಲ್ಲ ಒಟ್ಟುಮಾಡಿ, ಇಂಥ ಕಾಯಿಲೆಯಿಂದ ಇಂತಿಷ್ಟು ಜನ ಎಂದು ತಖ್ತೆ ಬರೆದು ಮೈಸೂರಿಗೆ ಕಳಿಸುವುದು ಅವರ ಕೆಲಸ. ತಖ್ತೆಯಲ್ಲಿ ವಾಂತಿಭೇದಿಗೊಂದು ಮನೆ, ಸಿಡುಬಿಗೊಂದು ಮನೆ, ಪ್ಲೇಗಿಗೊಂದು, ಜ್ವರಕ್ಕೊಂದು, ಕೆಟ್ಟ ಹುಣ್ಣಿಗೊಂದು. ಯಾವ ಮನೆಗೂ ಸೇರದ ಅನಾಥರಿಗೆ ಕೊನೆಯಲ್ಲಿ 'ಇತರೆ' ಎಂಬ ಛತ್ರ. ಪಿಂಚಣಿ ಬಂದ ಮೇಲೆ ಕಚೇರಿ ಬಿಟ್ಟುಹೋಯಿತು, ಚಟ ಬಿಡಲಿಲ್ಲ. ಸಾವಿನ ಮನೆಗೆ ಹೋದರೆ ಜನ 'ಅಯ್ಯೋ' ಎನ್ನುತ್ತಾರೆ. ಮಾವ 'ಯಾವುದರಿಂದ?' ಎನ್ನುತ್ತಿದ್ದರು.

ಒಮ್ಮೆ ಅಂಗಡಿ ಬೀದಿಯ ಬೆಲ್ಲದ ವ್ಯಾಪಾರಿಯ ತಂದೆ ತೀರಿಕೊಂಡಾಗ ನನ್ನನ್ನೂ ಎಳೆದುಕೊಂಡು ಹೋದರು. ಮಗ ಕಂಬಕ್ಕೆ ಒರಗಿ ಅಳುತ್ತಿದ್ದ.

"ಯಾವುದರಿಂದ?" ಎಂದರು ಮಾವ.

"ವಯಸ್ಸಾಗಿತ್ತಲ್ಲ ಸ್ವಾಮಿ..."

"ವಯಸ್ಸು ಕಾಯಿಲೆಯಲ್ಲ ಕಣಯ್ಯ. ಎಲ್ಲರಿಗೂ ಆಗೋದು ಕಾಯಿಲೆ ಹೇಗಾಗುತ್ತೆ? ಕೆಮ್ಮಿತ್ತಾ?"

"ಇತ್ತು, ಸ್ವಲ್ಪ."

"ಭೇದಿ?"

"ಅದೂ ಸ್ವಲ್ಪ..."

"ಯಾವುದು ಜಾಸ್ತಿ?"

ಆ ಬಡಪಾಯಿ ನನ್ನ ಮುಖ ನೋಡಿದ. ನಾನು ಅವರ ಮನೆಯ ತೊಲೆಗಳು ಯಾವ ಮರದವು ಎಂದು ಪರೀಕ್ಷಿಸತೊಡಗಿದೆ. ಒಳಗಿನಿಂದ ಹೆಂಗಸೊಬ್ಬರ ದನಿ, "ಇವರನ್ನ ಯಾರು ಕರೆದದ್ದು?" ಎಂದಿತು. ಮಾವ ಬೀದಿಗಿಳಿದವರು, "ನೋಡಿದೆಯಾ, ಇದೂ ಇತರೆಗೇ ಹೋಯ್ತು! ಅರ್ಧ ಸಂಸ್ಥಾನ ಇತರೆಯಲ್ಲೇ ಸಾಯ್ತಾ ಇದೆ. ಇತರೆ ಬಂದು ಹಾಸಿಗೆ ಹಿಡಿದವನನ್ನ ಎಲ್ಲಾದರೂ ಕಂಡಿದ್ದೀಯೇನೋ?" ಎಂದು ನನ್ನ ಮೇಲೆ ರೇಗಿದರು.

ನಾನು ಕಂಡಿದ್ದೆ. ನನ್ನನ್ನೇ! ತಾಂಡವಪುರದ ಶಾಲೆಯಲ್ಲಿ ಮೇಷ್ಟರಾಗಿ, ಮಕ್ಕಳ ಕಿರಿಕಿರಿಗಿಂತ ನನ್ನ ನಾಡಿಯ ಬಡಿತಕ್ಕೇ ಹೆಚ್ಚು ಹೆದರಿ ಬದುಕಿದವನು ನಾನು. ನಡುವಯಸ್ಸಿಗೆ ಬರುವ ಹೊತ್ತಿಗೆ ನಾನು ಭಯಪಡದ ಕಾಯಿಲೆ ಎಂದರೆ ಹೆರಿಗೆ ಬೇನೆ ಒಂದೇ. ಪ್ರತಿ ಭಾನುವಾರ ರೈಲು ಹತ್ತಿ ಮಾವನ ಮನೆಗೆ ಹೋಗಿ ಆ ವಾರದ ಭಯವನ್ನು ಒಪ್ಪಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಗುಣಿಸಿ, "ನಿನ್ನ ವಯಸ್ಸಿಗೆ, ನಿನ್ನ ತಾಲ್ಲೂಕಿಗೆ, ಅದು ಬರೋದು ಕಷ್ಟ ಕಣೋ. ಕಾಫಿ ಕುಡಿ" ಎನ್ನುತ್ತಿದ್ದರು. ಅತ್ತೆ ಕಾಫಿ ತರುತ್ತಿದ್ದರು. ಅಷ್ಟಕ್ಕೇ ನನಗೆ ಗುಣವಾಗುತ್ತಿತ್ತು.

ಆ ಅತ್ತೆಗೇ ಎದೆಯಲ್ಲಿ ಗಂಟು ಕಾಣಿಸಿಕೊಂಡ ವರ್ಷದ ಮಾತನ್ನು ಹೇಳಬೇಕೆಂದು ಕೂತೆ. ಅದಕ್ಕೆ ಮೊದಲು ಮಾವನಿಗೂ ಸಂಸ್ಥಾನಕ್ಕೂ ಇದ್ದ ಜಗಳವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ವರ್ಷಕ್ಕೊಮ್ಮೆ ಸಂಸ್ಥಾನದ ಒಟ್ಟು ಲೆಕ್ಕ ಅಚ್ಚಾಗಿ ಬರುತ್ತಿತ್ತು. ಸಾವಿರ ಜನಕ್ಕೆ ಇಷ್ಟು ಸಾವು ಎಂದು. ಮಾವ ಅದರ ಪಕ್ಕದಲ್ಲಿ ನಂಜನಗೂಡಿನದನ್ನು ಇಟ್ಟು ನೋಡುವರು. ಪ್ರತಿ ವರ್ಷವೂ ನಂಜನಗೂಡಿನದೇ ಮೇಲೆ! ಮಗಳು ಪರೀಕ್ಷೆಯಲ್ಲಿ ತಪ್ಪಿದ ತಂದೆಯ ಹಾಗೆ ಅವರು ಎರಡು ದಿನ ಊಟ ಬಿಡುತ್ತಿದ್ದರು. ತಪ್ಪು ಊರಿನದಲ್ಲ, ದೇವರದು. ನಂಜುಂಡನ ಸನ್ನಿಧಿಯಲ್ಲಿ ಉರುಳಾಡಿದರೆ ರೋಗ ಹೋಗುತ್ತದೆಂದು ಸಂಸ್ಥಾನದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಕೆಲವರ ರೋಗ ಹೋಗುತ್ತದೆ, ಕೆಲವರೇ ಹೋಗುತ್ತಾರೆ. ಹೋದವರೆಲ್ಲ ನಂಜನಗೂಡಿನ ತಲೆಯ ಮೇಲೆ!

"ಬೇರೆ ಊರಿನ ಸಾವನ್ನ ಅವರವರ ಊರಿನ ಲೆಕ್ಕಕ್ಕೇ ಬರೀಬೇಕು" ಎಂದು ಮಾವ ಅಮಲ್ದಾರರಿಗೆ ಅರ್ಜಿ ಕೊಟ್ಟರು. ಅಮಲ್ದಾರರು ಓದಿ, "ಏನ್ರೀ ಇದು, ದೇವರನ್ನೇ ಬೇರೆ ತಾಲ್ಲೂಕಿಗೆ ವರ್ಗ ಮಾಡಿಸಿಬಿಡಲಾ?" ಎಂದು ಕೇಳಿದರಂತೆ.

ಅಂದಿನಿಂದ ಮಾವ ಸಂಜೆ ರೈಲ್ವೆ ನಿಲ್ದಾಣದ ಬೇಲಿಯ ಹತ್ತಿರ ನಿಲ್ಲತೊಡಗಿದರು. ಗಾಡಿಯಿಂದ ಇಳಿಯುವವರ ಬಣ್ಣ ನೋಡುವರು. ಯಾರಾದರೂ ತೀರಾ ಬಿಳಿಚಿಕೊಂಡಿದ್ದರೆ ಹತ್ತಿರ ಹೋಗಿ, ಬಹಳ ವಿನಯದಿಂದ, "ಬೆಳಿಗ್ಗೆ ದರ್ಶನ ಮುಗಿಸಿ ಮೊದಲನೇ ಗಾಡಿಗೇ ಹೊರಟುಬಿಡಿ ಸ್ವಾಮಿ. ಮನೆಯ ಗಾಳಿಗಿಂತ ಔಷಧಿ ಇಲ್ಲ" ಎನ್ನುವರು. ಪಾಪ, ಆ ರೋಗಿಗಳು ಇಂಥ ಕರುಣಾಳು ಇನ್ನೊಬ್ಬರಿಲ್ಲವೆಂದು ಕೈಮುಗಿದು ಹೋಗುತ್ತಿದ್ದರು!

ಅತ್ತೆ ಗಂಟನ್ನು ಯಾರಿಗೂ ಹೇಳಿರಲಿಲ್ಲ. ಸೆರಗಿನ ಮರೆಯಲ್ಲಿ ಎಷ್ಟು ದಿನ ಇಟ್ಟುಕೊಂಡಿದ್ದರೋ. ಅದು ಒಡೆದು ಹುಣ್ಣಾಗಿ, ಸೀರೆಗೆ ಕಲೆ ಹತ್ತಿದ ಮೇಲೆ ಮಾವನಿಗೆ ಗೊತ್ತಾಯಿತು. ಊರಿನ ಸಾವಿನ ಕಾರಣವನ್ನೆಲ್ಲ ಬಾಯಿಪಾಠ ಮಾಡಿದ್ದ ಮನುಷ್ಯ, ತನ್ನ ಪಕ್ಕದಲ್ಲಿ ಮಲಗುವವಳ ಎದೆಯಲ್ಲಿ ಏನಿದೆ ಎಂದು ಕೇಳಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಹೆಂಗಸರನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ನೋಡಿ ಹೊರಗೆ ಬಂದು, ಕೈ ತೊಳೆದುಕೊಳ್ಳುತ್ತ, "ಇದು ಕ್ಯಾನ್ಸರ್, ಕೆಟ್ಟ ಹುಣ್ಣು. ತಡವಾಗಿದೆ. ಈಗ ಕತ್ತರಿಸಿ ಪ್ರಯೋಜನವಿಲ್ಲ" ಎಂದರು.

ಮಾವ, "ಇದು ಸಾವಿರಕ್ಕೆ ಎಷ್ಟು ಜನಕ್ಕೆ ಬರುತ್ತೆ ಅಮ್ಮಾ?" ಎಂದು ಕೇಳಿದರು.

"ಸಾವಿರ ಜನದ ಮಾತು ನನಗೆ ಗೊತ್ತಿಲ್ಲ. ಒಳಗೆ ಕೂತಿರುವವರ ಮಾತು ಹೇಳಿದೆ" ಎಂದರು ಆಕೆ. ಸಿಟ್ಟಿನಿಂದಲ್ಲ, ಮೆಲ್ಲಗೇ ಹೇಳಿದರು.

ವಾಪಸ್ಸು ಬರುವಾಗ ಗಾಡಿಯಲ್ಲಿ ಮಾವ ಬೆರಳಿನ ಗೆಣ್ಣು ಎಣಿಸುತ್ತಿದ್ದರು. ಅತ್ತೆ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತಿದ್ದರು. ನಾನು, ನಾಚಿಕೆಯಿಲ್ಲದವನು, ಅಂಗಿಯೊಳಗೆ ಕೈ ಹಾಕಿ ನನ್ನ ಎದೆಯನ್ನು ಮುಟ್ಟಿ ನೋಡಿಕೊಂಡೆ.

ಮುಂದಿನ ಭಾನುವಾರ ಹೋದಾಗ ಮಾವನ ಕಣ್ಣಿನಲ್ಲಿ ಹೊಳಪಿತ್ತು. ಆ ಹೊಳಪು ಕಂಡರೆ ನನಗೆ ಕಾಯಿಲೆಗಿಂತ ಹೆಚ್ಚು ಭಯ. ಪಕ್ಕದ ತಾಲ್ಲೂಕು ನರಸೀಪುರದ ಕಚೇರಿಯ ಹಳೆಯ ಸ್ನೇಹಿತರೊಬ್ಬರಿಗೆ ಹೇಳಿ ಅಲ್ಲಿನ ತಖ್ತೆಗಳನ್ನು ತರಿಸಿಕೊಂಡಿದ್ದರು. "ಇಲ್ಲಿ ನೋಡೋ. ನಂಜನಗೂಡಿನಲ್ಲಿ ಕೆಟ್ಟ ಹುಣ್ಣಿನಿಂದ ಸತ್ತವರು ವರ್ಷವರ್ಷವೂ ಏರ್ತಾ ಇದ್ದಾರೆ. ಸಂಸ್ಥಾನದ ಲೆಕ್ಕಕ್ಕಿಂತ ಬಹಳ ಮೇಲೆ. ನರಸೀಪುರದಲ್ಲಿ? ಒಬ್ಬರೂ ಇಲ್ಲ! ಇಷ್ಟು ವರ್ಷದಲ್ಲಿ ಒಬ್ಬ ಹೆಂಗಸೂ ಇಲ್ಲ!"

"ಅದಕ್ಕೆ?"

"ಅದಕ್ಕೆ ಏನು ಅದಕ್ಕೆ? ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲು ಹಾಕ್ಕೊಂಡು ಬದುಕಲಿಲ್ಲವಾ ನಾವು? ಇಲ್ಲೇ ಉಳಿದವರು ಏನಾದರು? ನಾಳಿದ್ದು ಮನೆ ಬದಲಾಯಿಸ್ತೀವಿ. ನರಸೀಪುರಕ್ಕೆ."

ನಗುತ್ತೀರಾ? ನಾನು ನಗಲಿಲ್ಲ. ಆ ಕಾಲದಲ್ಲಿ ಸಾವು ಅಂದರೆ ಊರಿಗೆ ಬರುವುದು, ಊರು ಬಿಟ್ಟರೆ ಹಿಂದೆ ಉಳಿಯುವುದು ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಒಳಗೆ ಹೋಗಿ ಅತ್ತೆಯನ್ನು ಕೇಳಿದೆ.

"ಪ್ಲೇಗಿನಲ್ಲಿ ಇಲಿ ಸತ್ತು ಬೀಳ್ತಿತ್ತು, ಊರು ಬಿಟ್ಟೆವು. ಇದಕ್ಕೆ ಏನು ಬಿತ್ತಪ್ಪಾ?" ಎಂದು ನಕ್ಕರು. ಎಡಗೈ ಆಗಲೇ ಊದಿಕೊಂಡಿತ್ತು. ಬಲಗೈಯಲ್ಲೇ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. "ಹೋಗಲಿ ಬಿಡು, ಹೋಗಿ ಬರೋಣ. ಸುಮ್ಮನೆ ಕೂತ್ಕೊಂಡು ನನ್ನ ಮುಖ ನೋಡೋದು ಅವರ ಕೈಲಾಗೋದಿಲ್ಲ."

ಹೀಗೆ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಹೊರಟೆವು. ದಾರಿಯುದ್ದಕ್ಕೂ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅತ್ತೆ ಹಲ್ಲು ಕಚ್ಚುವರು. ಮಾವ ಗಾಡಿಯವನಿಗೆ ಬೈಯುವರು. ಗಾಡಿಯವನು ಎತ್ತಿಗೆ ಬೈಯುವನು. ನರಸೀಪುರದ ಗಡಿ ದಾಟಿದಾಗ ಮಾವ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟು, "ಈಗ ಹೇಗಿದೆಯೇ?" ಎಂದು ಅತ್ತೆಯನ್ನು ಕೇಳಿದರು. ಆಕೆ, "ಪರವಾಗಿಲ್ಲ" ಎಂದರು!

ಹೊಳೆಯ ಹತ್ತಿರ ಒಂದು ಮನೆ ಸಿಕ್ಕಿತು. ಹಾಸಿಗೆ ಬಿಡಿಸಿದ ಮಾರನೆಯ ದಿನವೇ ಮಾವ ಅಲ್ಲಿನ ಪಟೇಲರನ್ನು ಕಾಣಲು ಹೊರಟರು, ನಾನೂ ಹಿಂದೆ. ಪಟೇಲರು ಕಣದಲ್ಲಿ ಭತ್ತ ತೂರಿಸುತ್ತಿದ್ದ ಒಕ್ಕಲಿನ ಮನುಷ್ಯ, ಒಳ್ಳೆಯವರು. ತಾವಾಗಿಯೇ ಕಂಬಳಿ ಹಾಸಿ ಕೂರಿಸಿದರು.

"ನಿಮ್ಮ ಊರಿನ ಲೆಕ್ಕ ನೋಡಿ ಬಂದೆ. ಕೆಟ್ಟ ಹುಣ್ಣೇ ಇಲ್ಲವಲ್ಲ! ಏನು ಕಾರಣ, ನೀರೋ, ಗಾಳಿಯೋ?" ಎಂದರು ಮಾವ.

ಪಟೇಲರು ಮೀಸೆಯ ಹೊಟ್ಟು ಒರೆಸಿಕೊಂಡು, "ಅದ್ಯಾವ್ದೂ ಇಲ್ಲ ಕಣ್ ಸಾ. ನಮ್ಮೂರಲ್ಲಿ ಎಲ್ಲಾ ಜರವೇಯ" ಎಂದರು.

"ಎಲ್ಲಾ ಜ್ವರ ಅಂದರೆ?"

"ಸತ್ತೋರ್ಗೆಲ್ಲ ಜರ ಅಂತ್ಲೇ ಬರ್‍ಸೋದು."

"ಹಾವು ಕಚ್ಚಿ ಸತ್ತರೆ?"

"ಕಚ್ಚುದ್ ಮ್ಯಾಕೆ ಮೈ ಬೆಚ್ಗಾಗ್ತದಲ್ಲ ಸಾ?"

"ಬಾವಿಗೆ ಬಿದ್ದು ಸತ್ತರೆ?"

ಪಟೇಲರು ಸ್ವಲ್ಪ ಯೋಚಿಸಿದರು. "ಅದು ಸೀತದ ಜರ."

ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. "ಹೆಂಗಸರಿಗೆ ಎದೆಯಲ್ಲಿ ಹುಣ್ಣಾಗಿ ಸತ್ತರೆ?" ಎಂದರು.

ಪಟೇಲರ ಮುಖ ಬದಲಾಯಿತು. ದನಿ ತಗ್ಗಿಸಿದರು. "ಅದ್ನ ಎಂಗ್ ಬರ್‍ಸದು ಸಾ? ಆ ಮನೇಲಿ ಎಣ್ಮಕ್ಳು ಇರ್ತವೆ. ನಾಳೀಕೆ ಅವ್ರವ್ವುಂಗೆ ಇಂಥಾ ಉಣ್ಣಾಗಿತ್ತು ಅಂದ್ರೆ ಯಾರು ತಂದ್ಕತಾರೆ ಆ ಎಣ್ಣ? ಜರ ಅಂದ್ರೆ ಮರ್ವಾದೆ. ಓದ್ ವರ್ಸವೂ ಇಬ್ರು ಓದ್ರು, ನಮ್ಮ ಚಿಕ್ಕವ್ವನೂ ಅಂಗೇ ಓದ್ಲು. ಜರ ಅಂತ್ಲೇ ಬರ್‍ಸ್ದೆ." ಮಾವನ ಮುಖ ನೋಡಿ, "ಯಾಕ್ ಸಾ, ಮನೇಲಿ ಯಾರ್ಗಾರಾ...?" ಎಂದರು.

ಮಾವ ಇನ್ನು ಪಟೇಲರ ಮೇಲೆ ಬೀಳುತ್ತಾರೆ, ಸರ್ಕಾರದ ತಖ್ತೆಗೆ ಅಪಚಾರವೆಂದು ಕೂಗಾಡುತ್ತಾರೆ ಎಂದು ನಾನು ಕಂಬಳಿಯ ಅಂಚಿಗೆ ಸರಿದು ಕೂತೆ. ಅವರು ಎದ್ದು ಪಂಚೆ ಕೊಡವಿಕೊಂಡರು. "ಯಾರಿಗೂ ಇಲ್ಲ" ಎಂದರು.

ದಾರಿಯಲ್ಲಿ ಒಂದೇ ಮಾತು. "ಹಾಗಾದರೆ ಇಲ್ಲೂ ಇದ್ದಾರೆ."

ಸಂಸ್ಥಾನದ ಆ ದೊಡ್ಡ ಲೆಕ್ಕ, ನಂಜನಗೂಡಿನ ಏರಿಕೆ, ನರಸೀಪುರದ ಸೊನ್ನೆ, ಎಲ್ಲವೂ ಆ ಕಣದ ಹೊಟ್ಟಿನ ಜೊತೆಗೆ ಹಾರಿಹೋಗಿದ್ದವು. ಒಂದು ಊರಿನವರು ಸತ್ಯ ಬರೆಸಿ ಕೆಟ್ಟರು, ಇನ್ನೊಂದು ಊರಿನವರು ಮರ್ಯಾದೆ ಬರೆಸಿ ಗೆದ್ದರು. ನಡುವೆ ನಮ್ಮ ಅತ್ತೆಯನ್ನು ಗುಂಡಿಗುಂಡಿಯ ದಾರಿಯಲ್ಲಿ ಎಳೆದು ತಂದಿದ್ದೆವು.

ಮನೆಗೆ ಬಂದವರು ಅತ್ತೆಗೆ, "ಇಲ್ಲಿನ ನೀರು ಬಹಳ ಒಳ್ಳೆಯದಂತೆ ಕಣೇ" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಅಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿತು.

ಅತ್ತೆಗೆ ಆಗಲೇ ಗೊತ್ತಿತ್ತು. ಬೆಳಿಗ್ಗೆ ಬಾವಿಕಟ್ಟೆಯ ಹೆಂಗಸರು ಅವರ ಊದಿದ ಕೈ ನೋಡಿ, ಯಾವ ಮನೆಯ ಯಾವ ಸೊಸೆ ಹೀಗೇ ಹೋದಳು ಎಂದು ಬೀದಿವಾರು ಹೇಳಿದ್ದರು. ಸಂಸ್ಥಾನಕ್ಕೆ ಸಿಗದ ಲೆಕ್ಕ ಬಾವಿಕಟ್ಟೆಯಲ್ಲಿ ಕೇಳದೆಯೇ ಸಿಕ್ಕಿತ್ತು.

"ಇಲ್ಲಿ ಜ್ವರ ಅಂತ ಬರೀತಾರಂತಲ್ಲ?" ಎಂದರು ಅತ್ತೆ.

ಮಾವ ನೀರಿನ ಚೊಂಬನ್ನು ಆಕೆಯ ಹತ್ತಿರ ಸರಿಸಿದರು.

"ಇಷ್ಟು ನೋವು ತಿಂದು, ಕೊನೆಗೆ ಜ್ವರದಲ್ಲಿ ಹೋದಳು ಅನ್ನಿಸಿಕೊಳ್ಳಲಾ ನಾನು? ನಮಗೇನು ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರಾ? ನನ್ನನ್ನ ಊರಿಗೆ ಕರ್ಕೊಂಡು ಹೋಗಿಬಿಡಿ. ಅಲ್ಲಿನ ಲೆಕ್ಕ ಹೇಗೂ ಕೆಟ್ಟಿದೆ. ನಾನೊಬ್ಬಳು ಹೆಚ್ಚಾದರೆ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಎಂದರು ಮಾವ. ಆಮೇಲೆ ಗೋಡೆಯ ಕಡೆ ತಿರುಗಿ ಕೂತರು. ಬೆನ್ನು ಅಲುಗುತ್ತಿತ್ತು. ನಾನು ಗಾಡಿ ಗೊತ್ತುಮಾಡುವ ನೆಪದಲ್ಲಿ ಹೊರಗೆ ಬಂದೆ.

ಮತ್ತೆ ಅದೇ ದಾರಿ, ಅದೇ ಗುಂಡಿಗಳು. ಈ ಸಲ ಯಾರೂ ಯಾರಿಗೂ ಬೈಯಲಿಲ್ಲ.

ಕಾರ್ತಿಕದಲ್ಲಿ ಅತ್ತೆ ಹೋದರು. ಆ ದಿನವನ್ನು ಹೇಳುವ ಶಕ್ತಿ ನನಗಿಲ್ಲ. ಹೇಳಿದರೆ ಈ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಅದಕ್ಕಿಂತ ಹಿಂದಿನ ಒಂದು ಬೆಳಗನ್ನು ಹೇಳಿ ಮುಗಿಸುತ್ತೇನೆ.

ಅಂದು ಮೊದಲನೇ ಗಾಡಿಗೇ ನಂಜನಗೂಡಿಗೆ ಬಂದಿದ್ದೆ. ಬಾಗಿಲು ಅರ್ಧ ತೆರೆದಿತ್ತು. ನಡುಮನೆಯಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಮಾಡಿ ದಿಂಬಿಗೆ ಒರಗಿ ಕೂತಿದ್ದರು. ಕೈ ಎತ್ತಲು ಬಾರದೆ ಎಷ್ಟು ದಿನವಾಗಿತ್ತೋ. ಅವರ ಹಿಂದೆ ಮಣೆಯ ಮೇಲೆ ಮಾವ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಎರಡೂ ಕೈಯಲ್ಲಿ ಆ ತೆಳ್ಳಗಿನ ನರೆಗೂದಲನ್ನು ಹಿಡಿದು ಜಡೆ ಹೆಣೆಯುತ್ತಿದ್ದರು. ಹೆಣಿಗೆ ಮೂರು ಎಳೆಯಲ್ಲಿ ಶುರುವಾಗಿ ಎರಡಾಗಿ ಮುಗಿಯುತ್ತಿತ್ತು, ಮತ್ತೆ ಬಿಚ್ಚುವರು.

"ಬೈತಲೆ ಸೊಟ್ಟ ಕಣ್ರೀ."

"ಎಲ್ಲಿ ಸೊಟ್ಟ? ನೆಟ್ಟಗಿದೆ" ಎಂದರು ಮಾವ, ಕಚ್ಚಿದ ಬಾಚಣಿಗೆಯ ಸಂದಿಯಿಂದಲೇ.

"ಕನ್ನಡಿ ಹಿಡೀರಿ ಮತ್ತೆ."

ಮಾವ ಕನ್ನಡಿ ಹಿಡಿಯಲಿಲ್ಲ. ಆ ಮುಖವನ್ನು ಆಕೆಗೆ ತೋರಿಸುವುದು ಅವರಿಗೆ ಬೇಕಿರಲಿಲ್ಲ. "ಸೊಟ್ಟಗೇ ಇದೆ, ನೀನು ಹೇಳಿದ್ದೇ ಸರಿ" ಎಂದು ಒಪ್ಪಿಕೊಂಡು, ಎಣ್ಣೆ ಬಟ್ಟಲಲ್ಲಿ ಬೆರಳು ಅದ್ದಿ, ಹಣೆಯಿಂದ ನೆತ್ತಿಯವರೆಗೆ ಮತ್ತೆ ಮೆಲ್ಲಗೆ ಗೆರೆ ಎಳೆದರು. ಅತ್ತೆ ಕಣ್ಣು ಮುಚ್ಚಿಕೊಂಡರು.

ನಾನು ಕಾಲಿನ ಜೋಡು ಬಿಡುವಾಗ ಸದ್ದಾಗಿರಬೇಕು. ಮಾವ ತಿರುಗಿ ನೋಡಿದರು. ಬಾಚಣಿಗೆಯನ್ನು ಬಾಯಿಂದ ತೆಗೆದು, ಗದರಿಸುವ ದನಿಯಲ್ಲಿ ಹೇಳಿದರು:

"ಸ್ವಲ್ಪ ಆಚೆ ಜಗುಲಿ ಮೇಲೆ ಕೂತ್ಕೊಳೋ. ನಿಮ್ಮತ್ತೆ ತಲೆ ಬಾಚ್ಕೊಳ್ತಾ ಇದ್ದಾಳೆ."