ಹಾಲಸಿದ್ದನಿಗೆ ಪಸಂದಾದ ದೊಡ್ಡಾಕಿ

ಈ ಎಲ್ಲ ರಾದ್ಧಾಂತಕ್ಕೆ ಕಾರಣ ಒಂದು ಇಂಗ್ಲಿಷ್ ಕಾದಂಬರಿ. ಅದನ್ನು ಬರೆದವರು ಮಹಾರಾಷ್ಟ್ರದ ಗಡಿಯ ಈ ಇಚಲಕರಂಜಿಯನ್ನು ಕಂಡವರಲ್ಲ, ಮಗ್ಗದ ಸಪ್ಪಳ ಕೇಳಿದವರಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ಹಾಲಸಿದ್ದನನ್ನು.

ಹಾಲಸಿದ್ದ ಬಾಪೂಸಾಹೇಬರ ಪಾವರ್‌ಲೂಮ್ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ವಯಸ್ಸು ನಲವತ್ತರ ಹತ್ತಿರ. ಹೆಂಡತಿ ಇಲ್ಲ, ಚಟ ಇಲ್ಲ, ಧೈರ್ಯ ಇಲ್ಲ. ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವ ಸೋನಾಲಿಯ ಮೇಲೆ ಅವನಿಗೆ ಮನಸ್ಸಾಗಿ ವರ್ಷಗಳೇ ಕಳೆದಿದ್ದವು. ಅವಳ ಯಂತ್ರದ ಪಟ್ಟಾ ಸಡಿಲಾದಾಗಲೆಲ್ಲ ಅವನೇ ಹೋಗಿ ಬಿಗಿಯುತ್ತಿದ್ದ. ಮುಂದಿನ ವಾರ ಮತ್ತೆ ಸಡಿಲಾಗುವಷ್ಟೇ ಬಿಗಿಯುತ್ತಿದ್ದ. ಇಂಥ ಒಳ್ಳೆಯ ಜಾಬರನ ಕೈಯಲ್ಲಿ ಆ ಒಂದು ಪಟ್ಟಾ ಮಾತ್ರ ಯಾಕೆ ನಿಲ್ಲುವುದಿಲ್ಲ ಎಂದು ಬಾಪೂಸಾಹೇಬರು ತಲೆ ಕೆಡಿಸಿಕೊಂಡಿದ್ದರು. ಸೋನಾಲಿ ಏನೂ ಅನ್ನುತ್ತಿರಲಿಲ್ಲ. ಅವಳು ಅನ್ನುವವಳೇ ಅಲ್ಲ. ಕೆಲಸ ಮುಗಿದಾಗ ಒಮ್ಮೆ ತಲೆಯಾಡಿಸುತ್ತಿದ್ದಳು. ಅಷ್ಟರ ಮೇಲೆ ಹಾಲಸಿದ್ದ ಒಂದು ವಾರ ಬದುಕುತ್ತಿದ್ದ.

ಅವಳ ತಂಗಿ ವೃಷಾಲಿ ಪೂರ್ತಿ ಉಲ್ಟಾ. ಕಾಲೇಜಿಗೆ ಹೋಗುವ ಹುಡುಗಿ. ನಕ್ಕರೂ ಗಲ್ಲಿಗೆ ಗೊತ್ತಾಗಬೇಕು, ಅತ್ತರೂ ಗಲ್ಲಿಗೆ ಗೊತ್ತಾಗಬೇಕು. ಆ ದಿನ ಬೆಳಿಗ್ಗೆ ಶೆಡ್ಡಿನ ಎದುರಿನ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದಳು. ಹಾಲಸಿದ್ದ ಚಹಾ ಕುಡಿಯಲು ಹೊರಗೆ ಬಂದ. ಅವನನ್ನೇ ಹಿಡಿದು ಕೂರಿಸಿ ಕತೆ ಹೇಳಿದಳು. ಕಾದಂಬರಿಯಲ್ಲಿ ಇಬ್ಬರು ಅಕ್ಕತಂಗಿಯರು. ದೊಡ್ಡವಳು ಎದೆ ಒಡೆದರೂ ತುಟಿ ಬಿಚ್ಚದೆ ಬಂದವರಿಗೆ ಚಹಾ ಕೊಡುತ್ತಾಳೆ. ಚಿಕ್ಕವಳು ನಂಬಿದವನು ಕೈಕೊಟ್ಟಾಗ ಗೋಳಾಡಿ, ಮಳೆಯಲ್ಲಿ ನೆನೆದು, ಜ್ವರ ಹಿಡಿಸಿಕೊಂಡು ಮಲಗುತ್ತಾಳೆ. ಇಬ್ಬರನ್ನೂ ಹೋಲಿಸಿ ಬರೆಯಬೇಕು.

“ನಮ್ಮ ಸರ್ ದೊಡ್ಡಾಕಿನ ಶಾಣ್ಯಾಕಿ ಅಂತಾರ. ನನಗ ಪಟಂಗಿಲ್ಲ ಮಾಮಾ. ಮನಸ್ಸಿನ್ಯಾಗ ಇಟಗೊಂಡು ಕುಂತ್ರ ಯಾರಿಗಿ ತಿಳೀಬೇಕದು? ನೀವ ಹೇಳ್ರಿ, ಯಾರು ಪಸಂದ?”

ಆ ಗಲ್ಲಿಯಲ್ಲಿ ಎರಡೂ ಬದಿಗೆ ಶೆಡ್ಡುಗಳು. ಮಗ್ಗಗಳ ಖಟಾಖಟದಲ್ಲಿ ಪಕ್ಕದವನ ಹತ್ತಿರ ಮಾತಾಡಬೇಕಾದರೂ ಪಕ್ಕದ ಊರಿನವನನ್ನು ಕರೆದಂತೆ ಒದರಬೇಕು. ಗುಟ್ಟನ್ನೂ ಹಾಗೆಯೇ ಹೇಳುತ್ತಾರೆ. ಎಷ್ಟೇ ಒದರಿದರೂ ಅದು ಒಂದು ಕಿವಿ ದಾಟಿ ಹೋಗುವುದಿಲ್ಲ. ಆ ಸಪ್ಪಳವನ್ನು ಹಾಲಸಿದ್ದ ಮನೆಯ ಗೋಡೆಯಂತೆ ನಂಬಿದ್ದ.

ದೊಡ್ಡವಳೇ ಪಸಂದು ಎಂದು ಒದರಿದ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಚಹಾ ಆರುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಒಳಗೆ ಕುದಿದದ್ದು ಒಮ್ಮೆಗೇ ಉಕ್ಕಿತು. ಅವಳು ಮಾತಾಡುವುದಿಲ್ಲ, ನಿಜ, ಆದರೆ ಅರ್ಥ ಮಾಡಿಕೊಳ್ಳುವವನು ಮಾಡಿಕೊಳ್ಳುತ್ತಾನೆ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದಾಗ ಕರೆಂಟು ಹೋಯಿತು. ಗಲ್ಲಿಯ ಮಗ್ಗಗಳೆಲ್ಲ ಗಕ್ಕನೆ ನಿಂತವು. ಹಾಲಸಿದ್ದನ ದನಿ ಮಾತ್ರ ಬ್ರೇಕಿಲ್ಲದ ಕಬ್ಬಿನ ಟ್ರ್ಯಾಕ್ಟರಿನಂತೆ ಮುಂದೆ ಹೋಯಿತು.

“ಆ ದೊಡ್ಡಾಕಿ ಹೂಂ ಅಂದ್ರ ಸಾಕು, ನಾ ಇವತ್ತ ಲಗ್ನಕ್ಕ ತಯಾರ ಅದೇನಿ.”

ಪಕ್ಕದ ಮನೆಯ ಮುಕ್ತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಶೆಡ್ಡುಗಳ ಬಾಗಿಲಲ್ಲಿ ತಲೆಗಳು ಮೂಡಿದವು. ಹಾಲಸಿದ್ದನ ಮುಖ ಹಸಿ ಭಕ್ಕರಿ ರೊಟ್ಟಿಯಂತೆ ಬಿಳುಚಿತು. ಅದು ಇಂಗ್ಲಿಷ್ ಪುಸ್ತಕದ ಮಾತು ಎಂದು ತೊದಲಿದ. ಆ ಇಂಗ್ಲಿಷಿನವಳ ಊರು ಯಾವುದು, ಮನೆ ಎಂಥದು, ತಂದೆ ಏನು ಮಾಡುತ್ತಾನೆ ಎಂದು ಮುಕ್ತಾಬಾಯಿ ವಿಚಾರಣೆಗೆ ನಿಂತಳು.

ಪಾಪ, ವೃಷಾಲಿ ಅವನನ್ನು ಉಳಿಸಲು ಹೋದಳು. “ಖರೇನ ಪುಸ್ತಕದ್ದ ಮಾವಶಿ. ಅವರಿಗೆ ಅಪ್ಪ ಇಲ್ಲ. ಅವ್ವನ ಜೋಡಿ ಬಾಡಗಿ ಮನ್ಯಾಗ ಅದಾರ. ಅಕ್ಕ ಮಾತಾಡಂಗಿಲ್ಲ, ತಂಗಿ ಮಾತು ನಿಲ್ಲಸಂಗಿಲ್ಲ.”

ಗಲ್ಲಿಯವರೆಲ್ಲ ತಿರುಗಿ ಅವಳದೇ ಮನೆಯನ್ನು ನೋಡಿದರು. ಅಪ್ಪ ಇಲ್ಲದ ಮನೆ, ಬಾಡಿಗೆಯ ಮನೆ, ಒಳಗೆ ಅವ್ವ ಚೆನ್ನವ್ವ ಮತ್ತು ಆ ದಿನ ಕೆಲಸಕ್ಕೆ ರಜೆ ಹಾಕಿದ್ದ, ಮಾತಾಡದ ಅಕ್ಕ.

“ಪುಸ್ತಕ ಅಂತ ಪುಸ್ತಕ,” ಎಂದರು ಬಾಪೂಸಾಹೇಬರು. “ಆ ಪಟ್ಟಾ ಯಾಕ ನಿಲ್ಲವಲ್ದು ಅಂತ ನನಗ ಈಗ ತಿಳೀತು.”

ಕರೆಂಟು ಬರುವವರೆಗೆ ಯಾರಿಗೂ ಬೇರೆ ಕೆಲಸವಿರಲಿಲ್ಲ. ಆಣೆ ಮಾಡಿ ಪುಸ್ತಕದ್ದೇ ಎನ್ನುತ್ತಿದ್ದ ಹಾಲಸಿದ್ದನನ್ನು ರಟ್ಟೆ ಹಿಡಿದು ಚೆನ್ನವ್ವನ ಮನೆಗೆ ನಡೆಸಿಕೊಂಡು ಹೋದರು. ಅವನೂ ಹೊಸ್ತಿಲವರೆಗೆ ಆಣೆ ಮಾಡುತ್ತಲೇ ಹೋದ, ಆದರೆ ಕಾಲು ಮಾತ್ರ ಎಲ್ಲರಿಗಿಂತ ಮುಂದಿತ್ತು.

ಚೆನ್ನವ್ವ ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ಕುಡಿಯುತ್ತಾನೋ ಎಂದು ಕೇಳಿದಳು. ಇಲ್ಲವೆಂದು ಇಡೀ ಗಲ್ಲಿ ಸಾಕ್ಷಿ ಹೇಳಿತು. ನಮ್ಮ ಪೈಕಿಯವನೇ ಅಲ್ಲವೇ ಎಂದಳು. ಹೌದೆಂದರು. ಗಡಹಿಂಗ್ಲಜದಿಂದ ತನ್ನ ತಮ್ಮ ಕಳಿಸಿದ ವರಗಳನ್ನೆಲ್ಲ ಮಗಳು ಒಂದು ಮಾತೂ ಆಡದೆ ಹಿಂದಕ್ಕೆ ಕಳಿಸಿದ್ದಳಂತೆ. ಯಾಕೆ ಎಂಬುದು ಈಗ ಚೆನ್ನವ್ವನಿಗೆ ಹೊಳೆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನದೇನೂ ತಕರಾರಿಲ್ಲ, ಅವಳನ್ನು ಕೇಳಿ ಎಂದಳು. ಹಾಲಸಿದ್ದ ಆಣೆ ಮಾಡುವುದನ್ನು ನಿಲ್ಲಿಸಿದ. ಇಷ್ಟು ವರ್ಷ ಅವನ ಎದುರು ಬೆಟ್ಟದಂತೆ ನಿಂತಿದ್ದದ್ದು ಒಮ್ಮೆ ಕರೆಂಟು ಹೋಗಿ ಬರುವುದರೊಳಗೆ ಸಪಾಟಾಗಿತ್ತು.

ಸೋನಾಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗುಂಪನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು, ಹೊಸ ಮಗ್ಗವನ್ನು ನೋಡುವ ಹಾಗೆ, ಬಹಳ ಹೊತ್ತು.

“ಆಧಾರ್ ಕಾರ್ಡ ಐತೇನ್ರಿ ನಿಮ್ಮ ಹಂತ್ಯಾಕ?”

ಇದೆ ಎಂದು ಅವನು ತಲೆಯಾಡಿಸಿದ.

“ತಗೊಂಡ ಬರ್ರಿ. ಕೊಲ್ಹಾಪುರಕ್ಕ ಹೋಗೂದೈತಿ, ಈಗಿಂದೀಗ.”

ಗಲ್ಲಿಗೆ ಗಲ್ಲಿಯೇ ಬೆಕ್ಕಸ ಬೆರಗಾಯಿತು. ಮೂಗಬಸವಿಯಂತಿದ್ದ ಹುಡುಗಿ ಎಷ್ಟು ಫಾಸ್ಟು ಎಂದು ಮುಕ್ತಾಬಾಯಿ ಗಲ್ಲಕ್ಕೆ ಹಿಟ್ಟಿನ ಕೈ ಇಟ್ಟುಕೊಂಡಳು. ಉಂಗುರ ನೋಡಿ ಬರುತ್ತಾರೆ, ಹೋಗಲಿ ಬಿಡಿ ಎಂದು ಬಾಪೂಸಾಹೇಬರು ಚೆನ್ನವ್ವನನ್ನು ಒಪ್ಪಿಸಿದರು. ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೂ ಹಾಲಸಿದ್ದನಿಗೆ ತೊಡಿಸಿದರು. ಅದರೊಳಗೆ ಅವನಂಥ ಇನ್ನೊಬ್ಬ ಹಿಡಿಯುತ್ತಿದ್ದ. ವೃಷಾಲಿ ಖುಷಿಗೆ ಗಳಗಳ ಅತ್ತಳು.

ಬಸ್ಸಿನಲ್ಲಿ ಸೋನಾಲಿ ಕಿಟಕಿಗೆ ಕೂತಳು. ಅವಳ ಸೆರಗು ಗಾಳಿಗೆ ಹಾರಿ ಆಗಾಗ ಅವನ ಮೊಣಕೈಗೆ ತಾಗುತ್ತಿತ್ತು. ಹಾಲಸಿದ್ದ ಮೊಣಕೈ ಅಲುಗಿಸಲಿಲ್ಲ. ಹಾತಕಣಂಗಲೆಯಲ್ಲಿ ಕಂಡಕ್ಟರ್ ಸರಿದು ಕೂರಲು ಹೇಳಿದರೂ ಅಲುಗಿಸಲಿಲ್ಲ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತು ಯಾಕೆ ಬೇಕು? ಉಂಗುರಕ್ಕೆ ಆಧಾರ್ ಬೇಡ ಎಂಬಷ್ಟು ಅವನಿಗೂ ಗೊತ್ತಿತ್ತು. ಆಧಾರ್ ಬೇಕಾಗುವುದು ಮದುವೆಯ ನೋಂದಣಿಗೆ. ಶಿರೋಳಿಯ ಕಾರ್ಖಾನೆಗಳು ಬಂದಾಗ ಅವಳು ಕಿಟಕಿಗೆ ಮುಖ ಒತ್ತಿ ಹೊಗೆಯನ್ನೇ ನೋಡುತ್ತ ಒಳಗೊಳಗೇ ನಕ್ಕಳು. ದುಡಿಮೆಯ ಮೇಲೆ ಎಂಥ ಪ್ರೀತಿ ಎಂದುಕೊಂಡ ಹಾಲಸಿದ್ದ.

ನೋಂದಣಿ ಕಚೇರಿಯ ಬಾಗಿಲಲ್ಲಿ ಒಬ್ಬ ಗಟ್ಟಿ ಆಳು, ಅವನ ಜೊತೆ ನಾಲ್ಕಾರು ಗೆಳೆಯರು ಕಾಯುತ್ತಿದ್ದರು. ಆ ಆಳು ಓಡಿಬಂದು ಆಧಾರ್ ಕಾರ್ಡಿಗೆ ಕೈ ಚಾಚಿದ. ಇಲ್ಲಿಯ ಏಜೆಂಟನಿರಬೇಕು ಎಂದು ಹಾಲಸಿದ್ದ ಕೊಟ್ಟ. ಕೈಮೇಲೆ ಬಿಸಿ ಕಬ್ಬಿಣ ಸಿಡಿದ ಕಲೆಗಳಿರುವ ಏಜೆಂಟನನ್ನು ಅವನು ಹಿಂದೆ ನೋಡಿರಲಿಲ್ಲ.

“ಇವರು ಸಮ್ಮೇದ,” ಎಂದಳು ಸೋನಾಲಿ. “ಅಕಿವಾಟದವರು, ಶಿರೋಳಿ ಫೌಂಡ್ರಿಗೆ ಇರ್ತಾರ. ಜೈನರು. ಅವ್ವಗ ಹೇಳಿದ್ರ ಆಗೂದಿಲ್ಲಂತ ಹೋದ ತಿಂಗಳ ಇಲ್ಲಿ ನೋಟೀಸ ಕೊಟ್ಟಿದ್ವಿ. ಇವತ್ತ ಲಗ್ನ. ನನ್ನ ಕಡಿಂದ ಸಾಕ್ಷಿ ಸಹಿ ಮಾಡಬೇಕಾಗಿದ್ದ ಗೆಳತಿ ಬರೂದ ಆಗೂದಿಲ್ಲಂತ ಮುಂಜಾನೆ ಫೋನ್ ಮಾಡಿದ್ಲು. ಯಾರನ್ನ ಕೇಳಲಿ ಅಂತ ಜೀವಾ ಕುದಿಯಾಕತ್ತಿತ್ತು, ನೀವ ಬಾಗಿಲಿಗಿ ಬಂದ ನಿಂತ್ರಿ.”

ಹಾಲಸಿದ್ದ ಬಾಪೂಸಾಹೇಬರ ಅಂಗಿಯ ಜೋತುಬಿದ್ದ ತೋಳನ್ನು ಮಡಚತೊಡಗಿದ.

“ಗಲ್ಲಿಯವರು ಸುಳ್ಳ ನಿಮ್ಮ ಬೆನ್ನ ಹತ್ಯಾರ್ರಿ. ನೀವ ಅಂದಿದ್ದು ಪುಸ್ತಕದ ಮಾತಂತ ನನಗ ಗೊತ್ತೈತಿ. ವೃಷಾಲಿ ಹೇಳ್ಯಾಳ.”

ಇಡೀ ಗಲ್ಲಿಯಲ್ಲಿ ಅವನ ಸುಳ್ಳನ್ನು ನಂಬಿದವಳು ಇವಳೊಬ್ಬಳೇ. ಈಗ ನಿಜ ಹೇಳಬಹುದಿತ್ತು. ಸೋನಾಲಿಯ ಕಣ್ಣು ಸಮ್ಮೇದನ ಮೇಲಿತ್ತು. ಅವಳ ತಲೆಯಾಡಿಕೆಯಲ್ಲಿ ವರ್ಷಗಟ್ಟಲೆ ಹುಡುಕಿದ್ದು ಹಾಲಸಿದ್ದನಿಗೆ ಆ ಕಣ್ಣಲ್ಲಿ ಧಾರಾಳವಾಗಿ ಕಂಡಿತು. ಸಹಿ ಮಾಡಿದ.

ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ, ಹುಡುಗಿಗೆ ನೀವು ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದ.

“ಅಣ್ಣ,” ಎಂದಳು ಸೋನಾಲಿ, ತಡಮಾಡದೆ.

ಗೆಳೆಯರಿಗೆ ಇಷ್ಟೇ ಬೇಕಿತ್ತು. ಮದುವೆಯಲ್ಲಿ ಹೆಣ್ಣಿನ ಅಣ್ಣನೋ ತಮ್ಮನೋ ಅಳಿಯನ ಕಿವಿ ಹಿಂಡಿ, ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೋ ಎಂದು ಎಚ್ಚರಿಸುವುದು ಈ ಕಡೆಯ ರೂಢಿ. ಅದಕ್ಕೆ ಕಾನಪಿಳಿ ಎನ್ನುತ್ತಾರೆ. ಅದಿಲ್ಲದೆ ಎಂಥ ಲಗ್ನ ಎಂದು ಹಾಲಸಿದ್ದನನ್ನು ಮುಂದಕ್ಕೆ ತಳ್ಳಿದರು. ಸಮ್ಮೇದ ನಗುತ್ತ ತಲೆ ಬಗ್ಗಿಸಿದ.

“ಹಿಂಡ್ರಿ ಅಣ್ಣಾ,” ಎಂದಳು ಸೋನಾಲಿ.

ಹಾಲಸಿದ್ದ ಕಿವಿ ಹಿಡಿದ. ನಮ್ಮ ಹುಡುಗಿಯನ್ನು ಚೆನ್ನಾಗಿ ನೋಡಿಕೋ ಎಂದ. ತೀರ ಮೆಲ್ಲಗೆ ಅಂದದ್ದರಿಂದ ಸಮ್ಮೇದನಿಗೊಬ್ಬನಿಗೇ ಕೇಳಿಸಿತು. ಹಿಂಡಿದ. ಗೆಳೆಯರು ಚಪ್ಪಾಳೆ ತಟ್ಟಿದರು. ಇನ್ನೂ ಹಿಂಡಿದ. ಸಮ್ಮೇದನ ಕುತ್ತಿಗೆ ವಾರೆಯಾಯಿತು, ಕಣ್ಣಲ್ಲಿ ನೀರು ಬಂತು, ಚಪ್ಪಾಳೆ ಒಂದೊಂದಾಗಿ ನಿಂತಿತು. ಸಾಕು ಬಿಡಿ ಎಂದ ಗುಮಾಸ್ತ.

ಬಿಡಬೇಕೆಂದು ಹಾಲಸಿದ್ದನಿಗೂ ಗೊತ್ತಿತ್ತು. ಬೆರಳುಗಳು ಕೇಳಲಿಲ್ಲ.