ಕೊನೆಯ ಹಾಳೆಯ ಭೂತ

ಭೂತ ಪಿಶಾಚಿಗಳಿಗೆ ಈ ಲೋಕದಲ್ಲಿ ಯಾರೂ ದಿಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಗಂಡ ಇದ್ದರು! ಹೆಂಡತಿ ಜ್ವರದಿಂದ ಮಲಗಿದರೆ "ಕಷಾಯ ಕುಡಿ" ಎಂದು ಚಪ್ಪಲಿ ಮೆಟ್ಟಿ ಹೊರಡುವ ಈ ಮನುಷ್ಯ, ಸಿನಿಮಾ ಪರದೆಯ ಮೇಲೆ ಯಾವುದೋ ದೇಶದ ಹೆಣ ಹಸಿದು ಎದ್ದು ಕೂತರೆ ಕಣ್ಣೀರು ತರುತ್ತಿದ್ದರು. "ಪಾಪ, ಊಟ ಮಾಡಿ ಎಷ್ಟು ದಿನಾ ಆಗೇದೋ!"

ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಅವರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಜನರೆದುರು "ಏ, ಕೇಳಿಸ್ತೇನ?" ಖುಷಿಯಾದಾಗ "ಚುಡೇಲ್!" ಅಂದರೆ ಹೆಣ್ಣು ದೆವ್ವ. ತಂದೆತಾಯಿ ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು ಏನಾಗಬೇಕು ಹೇಳಿ? ಸಿಟ್ಟು ಬರದೆ ಇನ್ನೇನು ಬಂದೀತು?

ಮದುವೆಯಾಗಿ ಭಾಲ್ಕಿಯಿಂದ ಔರಾದಕ್ಕೆ ಬಂದು ತಿಂಗಳಾಗಿತ್ತು. "ಬೀದರ ತೋರಿಸ್ತೀನಿ ನಡಿ" ಅಂದರು. ಕೋಟೆ ನೋಡುತ್ತೇನೆಂದು ಮದುವೆಯ ಸೀರೆ ಉಟ್ಟು ಹೊರಟೆ. ಬಸ್ಸಿಳಿದವರೇ ನೇರ ಟಾಕೀಸಿಗೆ, ಮಧ್ಯಾಹ್ನದ ಆಟಕ್ಕೆ! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತರೆ, ಇವರು ಎದ್ದು ನಿಂತು ಪರದೆಯ ರಾಕ್ಷಸನಿಗೆ ದಾರಿ ತೋರಿಸುತ್ತಿದ್ದರು. "ಏ ಹುಚ್ಚಾ, ಅತ್ತ ಕಡಿಂದ ಬಾ! ಹಿತ್ತಲ ಬಾಗಿಲಾ ತೆರದದ ನೋಡು!" ಟಾಕೀಸಿನವನು ಬಂದು "ಸಾಹೇಬ್ರ, ಸುಮ್ಕ ಕೂಡ್ರಿ, ಅದಕ್ಕ ದಾರಿ ಗೊತ್ತದ" ಅಂದ. ಕೋಟೆಯನ್ನು ನಾನು ನೋಡಿದ್ದು ವಾಪಸ್ಸು ಬರುವಾಗ, ಬಸ್ಸಿನ ಕಿಟಕಿಯಿಂದ.

ನೋಡುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇವರು ಬರೆಯುತ್ತಲೂ ಇದ್ದರು! ಕಚೇರಿಯಲ್ಲಿ ಗುಮಾಸ್ತಿಕೆ, ಮನೆಯಲ್ಲಿ ಉರ್ದುವಿನಲ್ಲಿ ದೆವ್ವದ ಕಥೆ. ಹೈದರಾಬಾದಿನ ಮಾಸಿಕವೊಂದು ಅದನ್ನು ಅಚ್ಚೂ ಹಾಕುತ್ತಿತ್ತು. ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು, "ಜರಾ ಚೀರಿ ತೋರಿಸು. ಕತಿಯಾಗ ಹೆಣ್ಮಗಳು ಹ್ಯಾಂಗ ಚೀರ್ತಾಳ ಅಂತ ಬರೀಬೇಕಾಗೇದ" ಅಂದರು. ನನಗೂ ಸಿಟ್ಟಿತ್ತು, ತಿಂಗಳಿಂದ ಕೂಡಿಟ್ಟ ಸಿಟ್ಟು. ಚೀರಿದೆ! ಪಕ್ಕದ ಮನೆಯ ಅತ್ತೆಯವರು ಒನಕೆ ಹಿಡಿದು ಓಡಿ ಬಂದರು. "ಏನಾತ ತಂಗಿ? ಹೊಡದ್ನೇನ?"

"ಇಲ್ರಿ ಅತ್ತಿ, ಕತಿ ಬರೀಲತ್ತಾರ್ರಿ."

ಅತ್ತೆಯವರು ಒನಕೆ ಕೆಳಗಿಡಲು ಬಹಳ ಹೊತ್ತು ತೆಗೆದುಕೊಂಡರು.

ಅಷ್ಟರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗೆ ಹುಕುಂ ಬಂತು: ಕನ್ನಡ ಪರೀಕ್ಷೆ ಪಾಸಾಗಬೇಕು, ಎರಡು ಸಲ ನಪಾಸಾದರೆ ನೌಕರಿ ಇಲ್ಲ. ಇವರು ಹುಟ್ಟಿದಾಗಿನಿಂದ ಕನ್ನಡ ಮಾತಾಡಿದವರು, ಆದರೆ ಓದಿದ್ದೆಲ್ಲ ಉರ್ದು. ಒಂದಕ್ಷರ ಕನ್ನಡ ಬರೆಯಲು ಬಾರದು. ನಾನು ಭಾಲ್ಕಿಯಲ್ಲಿ, ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ಶಾಲೆಯಲ್ಲಿ ಓದಿದವಳು. ಹೀಗಾಗಿ ಮಾಸ್ತರಿಕೆ ನನ್ನ ತಲೆಗೆ ಬಂತು. "ನೌಕರಿ ಹೋದ್ರ ನಿಮ್ಮ ಭೂತಗೋಳು ಹೊಟ್ಟಿಗಿ ಹಾಕ್ತಾವೇನ್ರಿ?" ಎಂದು ಗದರಿಸಿ, ನನ್ನ ಹಳೆಯ ಶಾಲೆಯ ಪುಸ್ತಕ ಮುಂದಿಟ್ಟು, ಒಂದು ಹೊಸ ನೋಟುಬುಕ್ಕು ಕೊಟ್ಟೆ. ನೋಡಿ ನೋಡಿ ತಿದ್ದಿರಿ ಅಂದೆ.

ತಿಂಗಳ ಮೇಲೆ ನೋಟುಬುಕ್ಕು ತೆರೆದೆ. ಮೊದಲ ಹಾಳೆ ಖಾಲಿ! ಎರಡನೆಯದು ಖಾಲಿ! ಮೂರನೆಯದೂ! ಮೈಯೆಲ್ಲ ಉರಿದುಹೋಯಿತು.

"ಒಂದಕ್ಷರನೂ ಬರದಿಲ್ಲಲ್ರಿ!"

"ಬರದೀನಲ್ಲ, ಅದು..."

"ಎಲ್ಲದ? ಭೂತ ಬಂದು ಅಳಿಸಿ ಹೋಯ್ತೇನು?"

ಮುಂದೆ ಬಾಯಿ ತೆರೆಯಲು ನಾನು ಬಿಡಲಿಲ್ಲ. ನೋಟುಬುಕ್ಕನ್ನು ಟ್ರಂಕಿನ ತಳಕ್ಕೆ ಎಸೆದು, ಎಂಟು ದಿನ ಮಾತು ಬಿಟ್ಟೆ. ಆಮೇಲೆ ಪಾಟಿ ಬಳಪ ತಂದು ಎದುರಿಗೇ ಕೂರಿಸಿ ಕಲಿಸಿದೆ. ಅದಕ್ಕೂ ಷರತ್ತು! ಅ ಅರಸ ಬೇಡವಂತೆ, ಅ ಅಮಾವಾಸ್ಯೆ. ಹ ಹಸು ಬೇಡ, ಹ ಹೆಣ.

ಬೀದರದಲ್ಲಿ ಪರೀಕ್ಷೆ ಬರೆದು ಕುಣಿಯುತ್ತ ಬಂದರು. ಫಲಿತಾಂಶ ಬಂತು: ಸೊನ್ನೆ. ನಾನು ಒಲೆ ಹಚ್ಚಲಿಲ್ಲ. ಕಚೇರಿಯ ಹಿರಿಯ ಗುಮಾಸ್ತರು ವಿಚಾರಿಸಿಕೊಂಡು ಬಂದು ಹೇಳಿದರು, "ಅಕ್ಕಾ, ನಿಮ್ಮವ್ರು ಎಲ್ಲಾ ಬರದಾರ್ರಿ. ಖರೇ ಅಂದ್ರ ಹಿಂದಿನ ಹಾಳಿಂದ ಬರದಾರ. ಮುಂದಿನ ಹಾಳ್ಯಾಗ ಏನೂ ಇಲ್ಲ, ಕೋರಾ ಇತ್ತು, ನೋಡಿದವ್ರು ಸೊನ್ನಿ ಹಾಕಿ ಬಿಟ್ಟಾರ್ರಿ." ಉರ್ದು ಪುಸ್ತಕ ಆ ಬದಿಯಿಂದ ತೆರೆಯುತ್ತದಲ್ಲ! ಇಪ್ಪತ್ತು ವರ್ಷ ಉರ್ದು ಬರೆದ ಕೈ, ರಾಜ್ಯ ಬದಲಾಯಿತೆಂದು ತಿರುಗೀತೇ? "ಕನ್ನಡದವರಿಗಿ ಕತಿ ಬರಿಲಾಕ ಬರಲ್ಲ, ಮೊದಲ ಹಾಳ್ಯಾಗೇ ಭೂತ ಸಾಯ್ತದ" ಎಂದು ಇವರು ಕನ್ನಡ ಕಥೆಪುಸ್ತಕ ಹಿಡಿದಾಗಲೆಲ್ಲ ಏಕೆ ಗೊಣಗುತ್ತಿದ್ದರೆಂದು ಆವತ್ತು ತಿಳಿಯಿತು.

ಉಳಿದದ್ದು ಒಂದೇ ಸಲ. ಪರೀಕ್ಷೆಯ ದಿನ ಅವರ ಎಡಗೈಗೆ ಕೆಂಪು ದಾರ ಕಟ್ಟಿ, "ಪುಸ್ತಕದ ಹೊಲಿಗಿ ಈ ಕೈ ಕಡೀಗೆ ಇರಬೇಕ್ರಿ. ಮರತ್ರ ಮನಿಗಿ ಬರಬ್ಯಾಡ್ರಿ" ಅಂದೆ. ಪಾಸಾದರು! ಕಚೇರಿಯಲ್ಲಿ ದಾರ ಯಾತಕ್ಕೆಂದು ಕೇಳಿದವರಿಗೆ "ದೆವ್ವದ ಕಾಟಕ್ಕ ಕಟ್ಟಿಸ್ಕೊಂಡೀನಿ" ಅಂದರಂತೆ. ಯಾವ ದೆವ್ವ? "ಮನ್ಯಾಗಿಂದು." ಎಲ್ಲರೂ ನಕ್ಕರಂತೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ದಾರವನ್ನು ಅವರು ಬಿಚ್ಚಲಿಲ್ಲ. ಹಳೆಯದಾದರೆ ಹೊಸದು ಕಟ್ಟಿಸಿಕೊಳ್ಳುತ್ತಿದ್ದರು. ಹೋದ ವರ್ಷ ಅವರು ಹೋದಾಗಲೂ ಅದು ಕೈಯಲ್ಲೇ ಇತ್ತು.

ಮೊನ್ನೆ ಟ್ರಂಕು ತೆರೆದೆ. ತಳದಲ್ಲಿ ಆ ನೋಟುಬುಕ್ಕು. ತಂಗಿಗೆ ಕಾಗದ ಬರೆಯಲು ಖಾಲಿ ಹಾಳೆ ಆದೀತೆಂದು ಎತ್ತಿಕೊಂಡೆ. ತಟ್ಟನೆ ನೆನಪಾಗಿ ಹಿಂದಿನಿಂದ ತೆರೆದೆ. ಸೊಟ್ಟ ಅಕ್ಷರಗಳು. ಭೂತವಿಲ್ಲ, ಹೆಣವಿಲ್ಲ. ನನ್ನ ಹೆಸರು. ನನ್ನ ಭಾಲ್ಕಿಯ ಪುಸ್ತಕದ ರಟ್ಟಿನ ಮೇಲಿದ್ದದ್ದನ್ನು ನೋಡಿ ತಿದ್ದಿದ್ದರು. ಒಂದು ಸಾಲಲ್ಲ, ಹಾಳೆ ತುಂಬ. ಮುಂದಿನ ಹಾಳೆಯೂ ಅದೇ, ಅದರ ಮುಂದಿನದೂ ಅದೇ. ತಿಂಗಳು ಪೂರ್ತಿ ಆ ಮನುಷ್ಯ ಬೇರೇನೂ ಬರೆದಿರಲಿಲ್ಲ. ಹೇಳಬಾರದಿತ್ತೇ? ಹೇಳಲು ಬಂದಿದ್ದರು, ನಾನೇ ಬಿಡಲಿಲ್ಲ.

ಚೀರಿಯೇ ಬಿಟ್ಟೆನೆಂದು ಕಾಣುತ್ತದೆ. ಪಕ್ಕದ ಮನೆಯ ಅತ್ತೆಯವರ ಸೊಸೆ ಓಡಿ ಬಂದಳು. "ಏನಾತ್ರಿ ಕಾಕು? ಯಾಕ ಅಳ್ಲತ್ತೀರಿ?"

"ಏನಿಲ್ಲವ್ವಾ, ಅವರು ಕರೀಲತ್ತಾರ. ಹೆಸರ ಹಿಡದು."

ಅವಳು ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಅವರಿದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ!